ಬೆಳಗಿನ ವಾರ್ತೆಯ ಬಾಲ

ಜನವರಿ 9

ಪ್ರೀತಿಯ ಚೂಟಿ,

ನಿನ್ನನ್ನು ಬೈಯಬೇಕೆಂದೇ ಕಾಗದ ಹಿಡಿದು ಕುಳಿತಿದ್ದೇನೆ. ಸೋಮವಾರ ಬೆಳಗಿನ ವಾರ್ತೆಗೆ ನಾನು ಹೊಲಿದುಕೊಟ್ಟ ನೀಲಿ ಕೋಟು ಹಾಕಿಕೊಂಡಿದ್ದೆಯಲ್ಲ, ಅದರ ಭುಜ ಎಷ್ಟು ಕೆಟ್ಟದಾಗಿ ಎಳೆದುಕೊಂಡಿತ್ತು ಗೊತ್ತೇ? ತೋಳು ಕೂಡುವ ಕಡೆ ಬಟ್ಟೆ ಸೊಟ್ಟಗಾಗಿ ನೆರಿಗೆ ಬಿದ್ದಿತ್ತು. ಇಡೀ ನಾಡು ನೋಡುವ ಟೀವಿಯಲ್ಲಿ ನನ್ನ ಹೊಲಿಗೆಯ ಮಾನ ಹೋಯಿತು.

"ಬೆಳಿಗ್ಗೆ ಆರು ಗಂಟೆಗೆ ಮುಸುಕೆಳೆದು ಮಲಗಿರುವ ನೀನು ಯಾವಾಗ ನೋಡಿದೆ" ಎಂದು ನನ್ನನ್ನು ಕೇಳಬೇಡ. ನಿನ್ನ ಭಾವ ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ ಹೊಸದೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದಾರೆ. ಫೋಟೋ ತಿದ್ದುವಾಗ ಪರದೆಯ ಮೇಲೆ ಬಣ್ಣ ಚೆನ್ನಾಗಿ ಮೂಡಲಿ ಎಂದು ತಂದದ್ದು. ನೋಡಿದರೆ ಅದರ ಬೆನ್ನಲ್ಲಿ ಟೀವಿ ಕೇಬಲ್ ಸಿಕ್ಕಿಸುವ ಜಾಗವೂ ಇದೆ! ಕಂಪ್ಯೂಟರಿನಲ್ಲೇ ಟೀವಿ ಬರುತ್ತದೆ. ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಎಂದು ಹೇಳಿಟ್ಟರೆ ತಾನೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತದೆ. "ಇದನ್ನ ವ್ಯಾಪಾರಕ್ಕೆ ತಂದಿದ್ದು, ನಿನ್ನ ತಂಗೀನ ನೋಡೋಕಲ್ಲ" ಎಂದು ನಿನ್ನ ಭಾವ ಗತ್ತಿನಿಂದ ಹೇಳಿದರು. ಮೊಟ್ಟಮೊದಲು ರೆಕಾರ್ಡ್ ಮಾಡಿದ್ದು ಮಾತ್ರ ನಿನ್ನನ್ನೇ.

ಈಗ ತಿಂಡಿ ಮುಗಿಸಿ ನಿಧಾನವಾಗಿ ನಿನ್ನನ್ನು ನೋಡುತ್ತೇನೆ. ಬೇಕಾದಲ್ಲಿ ನಿಲ್ಲಿಸುತ್ತೇನೆ. ಒಂದೊಂದೇ ಚಿತ್ರ ಮುಂದಕ್ಕೆ ಸರಿಸಿ, ನೀನು ಹಾಳೆ ತಿರುಗಿಸುವಾಗ ತೋಳು ಹೇಗೆ ಏಳುತ್ತದೆ, ಕಾಲರ್ ಎಲ್ಲಿ ಕುತ್ತಿಗೆ ಬಿಡುತ್ತದೆ ಎಂದು ಪರೀಕ್ಷಿಸುತ್ತೇನೆ. ಎದುರಿಗೆ ನಿಲ್ಲಿಸಿ ಅಳತೆ ತೆಗೆದರೂ ಇಷ್ಟು ಹೊತ್ತು ನೀನು ಸುಮ್ಮನೆ ನಿಲ್ಲುವವಳಲ್ಲ.

ನಿನ್ನ ಭುಜ ಅಗಲವಾಗಿದೆ ಕಣೇ. ಏನು ತಿನ್ನುತ್ತಿದ್ದೀಯ? ಮೈಕು ಹಿಡಿದು ಬೀದಿ ಬೀದಿ ಓಡುತ್ತಿದ್ದವಳಿಗೆ ಬಡ್ತಿ ಕೊಟ್ಟು ಕೂರಿಸಿದ್ದೇ ಸರಿ, ಮೈ ಬಂದಿದೆ. ಹೋದ ವರ್ಷ ವರದಿಗೆ ಹೋಗಿದ್ದ ಜೀಪು ಮಗುಚಿದಾಗ ಉಳುಕಿದ ಕಾಲು ಈಗ ಪೂರ್ತಿ ಸರಿಹೋಗಿದೆ ತಾನೆ? ಹೊಸ ಅಳತೆ ಕಳಿಸು. ಭುಜ, ಎದೆ, ತೋಳು, ಪ್ಯಾಂಟಿನ ಉದ್ದ ಎಲ್ಲವೂ ಬೇಕು. ಮನೆಗೆ ಬಂದು ವರ್ಷದ ಮೇಲಾಯಿತು. ಬಂದರೆ ನಾನೇ ತೆಗೆಯುತ್ತಿದ್ದೆ. ಅದು ನಿನಗೆ ಎಲ್ಲಿ ನೆನಪಾಗಬೇಕು!

ನಿನ್ನ ಅಕ್ಕ

ಜನವರಿ 20

ಅಕ್ಕ,

ನಿನ್ನ ಕಾಗದ ಓದಿ ನಕ್ಕು ನಕ್ಕು ಸಾಕಾಯಿತು. ದೇಶದ ಸುದ್ದಿಯೆಲ್ಲ ಓದಿ ಹೇಳಿದರೆ ನಿನ್ನ ಕಣ್ಣಿಗೆ ಬಿದ್ದದ್ದು ತೋಳಿನ ನೆರಿಗೆ! ನಮ್ಮ ಸಂಪಾದಕರಿಗೆ ಹೇಳಿದೆ. "ನಿಮ್ಮಕ್ಕನ್ನ ಇಲ್ಲೇ ಕೆಲಸಕ್ಕೆ ಸೇರಿಸ್ಕೊಳ್ಳೋಣ, ನಮ್ಮ ತಪ್ಪನ್ನೂ ಹುಡುಕ್ಲಿ" ಅಂದರು.

ಭುಜ ಅಗಲವಾಗಿರುವುದು ನಿಜ. ಕಚೇರಿಯ ಹತ್ತಿರ ವ್ಯಾಯಾಮ ಶಾಲೆಗೆ ಸೇರಿದ್ದೇನೆ. ಅಲ್ಲಿನ ಮೇಷ್ಟರು ಕೈಗೇ ಕೆಲಸ ಕೊಡುತ್ತಾರೆ. ಅಳತೆ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಪ್ಯಾಂಟು ಹೊಲಿಯಬೇಡ, ಅದು ದಂಡ. ಮೇಜಿನ ಕೆಳಗೆ ಏನಿದೆ ಎಂದು ಯಾರು ನೋಡುತ್ತಾರೆ? ಸಂಜೆ ವಾರ್ತೆ ಓದುವ ಮಹಾಶಯರು ಮೇಲೆ ಕೋಟು ಟೈ ಕಟ್ಟಿ ಕೆಳಗೆ ಪೈಜಾಮದಲ್ಲಿ ಕೂತಿರುತ್ತಾರೆ.

ಭಾವನ ಕಾರ್ಡ್ ಎಷ್ಟು ಹೊತ್ತಿನವರೆಗೆ ರೆಕಾರ್ಡ್ ಮಾಡುತ್ತದೆ? ವಾರ್ತೆ ಮುಗಿದ ತಕ್ಷಣ ನಿಲ್ಲುತ್ತದೆ ತಾನೆ? ಸುಮ್ಮನೆ ಜಾಹೀರಾತುಗಳನ್ನೆಲ್ಲ ತುಂಬಿಕೊಂಡು ಜಾಗ ಹಾಳಾಗಬಾರದಲ್ಲ, ಅದಕ್ಕೇ ಕೇಳಿದೆ.

ಕಾಲು ಆರಾಮಾಗಿದೆ. ಬರುತ್ತೇನೆ ಅಕ್ಕ, ರಜೆ ಸಿಗಲಿ.

ಚೂಟಿ

ಫೆಬ್ರವರಿ 6

ಚೂಟಿ,

ಹೊಸ ಕೋಟು ಕಳಿಸಿದ್ದೇನೆ. ಬೂದು ಬಣ್ಣ ನಿನಗೆ ಒಪ್ಪುತ್ತದೆ. ಪ್ಯಾಂಟನ್ನೂ ಕಳಿಸಿದ್ದೇನೆ, ಬೈದುಕೋ. ಅರ್ಧ ಮನುಷ್ಯಳಿಗೆ ಹೊಲಿದು ನನಗೆ ಅಭ್ಯಾಸವಿಲ್ಲ. ಹಳೆಯ ಅಳತೆಯನ್ನೇ ಇಟ್ಟುಕೊಂಡು ಹೊಲಿದೆ. ಹಾಕಿಕೊಂಡು ಓಡಾಡಿ, ಮಡಿಕೆ ಪಾದದ ಮೇಲೆ ಸರಿಯಾಗಿ ಬೀಳುತ್ತದೆಯೇ ನೋಡಿ ಬರೆ.

ಮನೆಯಲ್ಲಿ ಈಗ ದಿನಾ ಜಗಳ. ನಿನ್ನ ಒಂದು ವಾರದ ವಾರ್ತೆಗೆ ಕಂಪ್ಯೂಟರಿನ ಹೊಟ್ಟೆ ತುಂಬಿಹೋಗುತ್ತದಂತೆ. "ಗಿರಾಕಿಗಳ ಫೋಟೋ ಇಡೋಕೆ ಜಾಗ ಇಲ್ಲ, ಒಂದಷ್ಟು ಅಳಿಸ್ತೀನಿ" ಎನ್ನುತ್ತಾರೆ. "ನನ್ನ ತಂಗೀನ ಅಳಿಸಿದ್ರೆ ನಿಮ್ಮ ಊಟ ನೀವೇ ಮಾಡ್ಕೋಬೇಕು" ಎಂದೆ. ಪಾಪ, ಖಾಲಿ ಸೀಡಿಗಳನ್ನು ತಂದು ಒಂದೊಂದಾಗಿ ತುಂಬಿಸುತ್ತಿದ್ದಾರೆ. ಅದರ ಮೇಲೆ ಕಂಪ್ಯೂಟರಿನೊಳಗಿನ ಬಟನ್ ಸೆಲ್ ಮುಗಿಯುತ್ತಾ ಬಂದಿದೆ. ಕರೆಂಟು ಹೋದರೆ ಅದರ ಗಡಿಯಾರ ಹಿಂದೆ ಬೀಳುತ್ತದೆ. ಆಗ ಇವರು ಕೈಗಡಿಯಾರ ನೋಡಿ ಸರಿ ಮಾಡಬೇಕು, ಇಲ್ಲದಿದ್ದರೆ ನಿನ್ನ ಬದಲು ಹಲ್ಲುಪುಡಿ ಜಾಹೀರಾತು ಸಿಗುತ್ತದೆ.

ಶಾಲೆ ಸಮವಸ್ತ್ರದ ಹೊಲಿಗೆ ಶುರುವಾಗುವ ಮೊದಲು ಈ ತಿಂಗಳ ಕೊನೆಗೆ ನಾನೇ ಒಮ್ಮೆ ಬಂದುಹೋಗಲೇ? ನಿನ್ನ ಕೋಣೆ ನೋಡಿಯೇ ಇಲ್ಲ.

ಅಕ್ಕ

ಫೆಬ್ರವರಿ 15

ಅಕ್ಕ,

ಈ ತಿಂಗಳು ಖಂಡಿತ ಬರಬೇಡ. ಕೋಣೆಗೆ ಬಣ್ಣ ಹೊಡೆಸುತ್ತಿದ್ದಾರೆ, ನಾನು ಗೆಳತಿಯ ಮನೆಯಲ್ಲಿದ್ದೇನೆ. ಆಮೇಲೆ ಕೆಲಸದ ಮೇಲೆ ಊರೂರು ಸುತ್ತುವುದಿದೆ.

ಪ್ಯಾಂಟು ಹೇಳಿ ಮಾಡಿಸಿದ ಹಾಗೆ ಕೂತಿದೆ. ಹಾಕಿಕೊಂಡು ನಿನ್ನೆ ಸಂಜೆ ಕೆರೆ ದಂಡೆಯವರೆಗೆ ನಡೆದುಹೋಗಿ ಬಂದೆ. ಮಡಿಕೆ ಪಾದದ ಮೇಲೆ ಸರಿಯಾಗಿ ಬೀಳುತ್ತದೆ.

ಚೂಟಿ

ಫೆಬ್ರವರಿ 27

ಚೂಟಿ,

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಅಕ್ಷರ ಸೊಟ್ಟಗಿದ್ದರೆ ಓದಿಕೋ.

ನಿನ್ನೆ ಮೊನ್ನೆಯ ಮಾತು. ರಾತ್ರಿ ಕರೆಂಟು ಹೋಗಿ ಬಂದದ್ದು ನಿನ್ನ ಭಾವನಿಗೆ ತಿಳಿಯಲಿಲ್ಲ. ಗಡಿಯಾರ ಹಿಂದೆ ಬಿದ್ದು, ರೆಕಾರ್ಡಿಂಗ್ ತಡವಾಗಿ ಶುರುವಾಗಿ ತಡವಾಗಿ ನಿಂತಿದೆ. ಅರ್ಧ ವಾರ್ತೆ ಸಿಗಲೇ ಇಲ್ಲ. ನೀನು ಬೂದು ಕೋಟಿನಲ್ಲಿ ಹವಾಮಾನ ಓದುತ್ತಿರುವಲ್ಲಿಂದ ಶುರುವಾಯಿತು. ಭುಜ ಚೆನ್ನಾಗಿ ಕೂತಿತ್ತು, ಖುಷಿಯಿಂದ ನೋಡುತ್ತಿದ್ದೆ. ನೀನು ವಾರ್ತೆ ಮುಗಿಯಿತು ಎಂದೆ. ಯಾವಾಗಲೂ ಅಲ್ಲಿಗೇ ನಿಲ್ಲುತ್ತದೆ. ಈ ಸಲ ನಿಲ್ಲಲಿಲ್ಲ. ಜಾಹೀರಾತೂ ಬರಲಿಲ್ಲ. ದೀಪ ಅರ್ಧ ಆರಿತು, ನೀನು ಕಿವಿಯಿಂದ ತಂತಿ ಕಿತ್ತು, ಮೇಜಿನಿಂದ ಹಿಂದಕ್ಕೆ ಸರಿದು, ಕುರ್ಚಿಯ ಸಮೇತ ತಿರುಗಿಕೊಂಡು ಹೊರಟುಹೋದೆ.

ನಾನು ನಕ್ಕುಬಿಟ್ಟೆ ಚೂಟಿ. "ನೋಡ್ರೀ ಸೋಮಾರಿನ, ಎದ್ದು ಹೋಗೋಕೂ ಬೇಜಾರು, ಆಫೀಸು ಕುರ್ಚಿನೇ ಉರುಳಿಸ್ಕೊಂಡು ಹೋಗ್ತಾಳೆ" ಎಂದೆ. ನಿನ್ನ ಭಾವ ನಗಲಿಲ್ಲ. ನನ್ನ ಹಿಂದಿನಿಂದ ಕೈ ಚಾಚಿ ಚಿತ್ರ ನಿಲ್ಲಿಸಿದರು. ಒಂದೊಂದಾಗಿ ಹಿಂದಕ್ಕೆ ತಂದರು. ಅಲುಗಾಡುವ ಕಡೆಯೆಲ್ಲ ಚಿತ್ರ ಬಾಚಣಿಗೆ ಹಲ್ಲಿನ ಹಾಗೆ ಗೀರು ಗೀರಾಗಿ ಕಾಣುತ್ತದೆ. ಆ ಗೀರುಗಳ ನಡುವೆ ದೊಡ್ಡ ಚಕ್ರ ಇತ್ತು. ಚಕ್ರದ ಮೇಲೆ ನಿನ್ನ ಕೈ ಇತ್ತು.

ಆಗಲೂ ನಾನು ನಂಬಲಿಲ್ಲ. ಏನೋ ನಾಟಕ, ಯಾವುದೋ ಕಾರ್ಯಕ್ರಮಕ್ಕೆ ಅಭಿನಯ ಮಾಡುತ್ತಿದ್ದಾಳೆ ಎಂದೆ. ಆಮೇಲೆ ಪ್ಯಾಂಟು ನೋಡಿದೆ. ನಾನೇ ಹೊಲಿದದ್ದು. ಒಳಗೆ ಕಾಲಿದ್ದರೆ ಬಟ್ಟೆ ಹೇಗೆ ಬೀಳುತ್ತದೆ, ಬಲವಿಲ್ಲದ ಕಾಲಿನ ಮೇಲೆ ಹೇಗೆ ಬೀಳುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೊಳೆಗೆ ತೂಗುಹಾಕಿದ ಹಾಗೆ ಬಿದ್ದಿತ್ತು. ಎರಡು ಮಂಡಿ ಸೇರಿಸಿ ಪಟ್ಟಿ ಕಟ್ಟಿತ್ತು.

ಕೆರೆ ದಂಡೆಯವರೆಗೆ ನಡೆದುಹೋದೆಯಾ? ಮಡಿಕೆ ಸರಿಯಾಗಿ ಬಿತ್ತಾ? ಅಯ್ಯೋ, ಯಾವ ಬಾಯಲ್ಲಿ ಬರೆದೆ ಅದನ್ನು?

ಸೀಡಿಗಳನ್ನೆಲ್ಲ ತೆಗೆದು ಮೊದಲಿಂದ ನೋಡಿದೆ. ಒಂದು ದಿನವಾದರೂ ನೀನು ಎದ್ದು ನಿಂತದ್ದಿಲ್ಲ. ನಾನು ಕಣ್ಣು ಬಿಟ್ಟುಕೊಂಡು ತೋಳಿನ ನೆರಿಗೆ ನೋಡುತ್ತಿದ್ದೆ. ಚಕ್ರ ತಳ್ಳಿ ತಳ್ಳಿ ಅಗಲವಾದ ಭುಜಕ್ಕೆ ಏನು ತಿನ್ನುತ್ತೀಯ ಎಂದು ಕೇಳಿದೆನಲ್ಲೇ!

ಯಾವಾಗ ಆಯಿತು? ಆ ಜೀಪಿನಲ್ಲೇ? ಕಾಲು ಉಳುಕಿದೆ ಎಂದು ಬರೆದೆಯಲ್ಲ, ಆಗ ನೀನು ಎಲ್ಲಿದ್ದೆ? ಅಮ್ಮ ಹೋದಾಗ ನಿನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಹೊಲಿಗೆ ಕಲಿಯಲು ಹೋದವಳು ನಾನು. ನನಗೆ ಹೇಳಬಾರದ್ದು ನಿನಗೆ ಏನಾಯಿತು?

ಉತ್ತರ ಬರೆ. ಇಲ್ಲ, ಬೇಡ. ಅಂಗಡಿ ಮುಚ್ಚಿ ನಾನೇ ಬರುತ್ತೇನೆ. ನಿನ್ನ ಸಾಮಾನು ಕಟ್ಟಿಡು.

ಅಕ್ಕ

ಮಾರ್ಚ್ 8

ಅಕ್ಕ,

ಆ ಚಿತ್ರ ಟೀವಿಯಲ್ಲಿ ಹೊರಗೆ ಹೋಗಿತ್ತೇ?

ನಿನ್ನ ಕಾಗದ ಕಚೇರಿಯಲ್ಲೇ ಒಡೆದೆ. ಓದುತ್ತಾ ಓದುತ್ತಾ ಕೈಕಾಲು ತಣ್ಣಗಾಯಿತು ಎಂದು ಬರೆಯಹೊರಟಿದ್ದೆ, ಕಾಲಿನ ವಿಷಯ ನನಗೆ ತಿಳಿಯುವುದಿಲ್ಲ. ಕೈ ತಣ್ಣಗಾಯಿತು. ಆ ದಿನ ವಾರ್ತೆ ಮುಗಿದ ಕೂಡಲೇ ಚಿತ್ರ ಕತ್ತರಿಸಿದ್ದಾರೆ ಎಂದೇ ನಾನು ತಿಳಿದಿದ್ದೆ. ಚಿತ್ರ ಬದಲಿಸುವ ಸ್ವಿಚ್ಚಿನ ಕೋಣೆಗೆ ಹೋಗಿ ಕೇಳಿದೆ. ಅಲ್ಲಿನವನು ತಲೆ ತಗ್ಗಿಸಿ ನಿಂತ. "ಮೇಡಂ, ಜಾಹೀರಾತಿನ ಟೇಪು ಸಿಕ್ಕಾಕ್ಕೊಂಡ್ಬಿಡ್ತು. ನಿಮ್ಮ ಚಿತ್ರಾನೇ ಸ್ವಲ್ಪ ಹೊತ್ತು ಹೋಯ್ತು. ಹೇಳೋಕೆ ಯಾರಿಗೂ ಧೈರ್ಯ ಬರ್ಲಿಲ್ಲ. ನೀವು ನೊಂದ್ಕೋತೀರ ಅಂತ..."

ಹತ್ತು ದಿನದಿಂದ ಇಡೀ ಕಚೇರಿಗೆ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ನಾನು ಕೂಗಾಡಿದ್ದಕ್ಕೆ ಪಕ್ಕದ ಕೋಣೆಯವರೆಲ್ಲ ಬಂದು ನಿಂತರು. ನಾನೇನು ಮಗುವೇ, ನನ್ನಿಂದ ಮುಚ್ಚಿಡಲು ಇವರು ಯಾರು ಎಂದು ಎಲ್ಲರ ಮೇಲೂ ಹಾರಾಡಿದೆ. ಅಷ್ಟರಲ್ಲಿ ತೊಡೆಯ ಮೇಲಿದ್ದ ನಿನ್ನ ಕಾಗದ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡೆ ಅಕ್ಕ. ನಿನಗೂ ಇಷ್ಟೇ ಕೋಪ ಬಂದಿರಬೇಕು.

ಕೇಳು. ಆ ಜೀಪಿನಲ್ಲೇ ಆಯಿತು. ಬೆನ್ನುಮೂಳೆಗೆ ಪೆಟ್ಟು ಬಿದ್ದು ಸೊಂಟದಿಂದ ಕೆಳಗೆ ಹೋಯಿತು. ಇನ್ನು ಬರುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದ್ದಾರೆ. ಉಳುಕಿದೆ ಎಂದು ನಿನಗೆ ಬರೆದದ್ದು ಆಸ್ಪತ್ರೆಯ ಹಾಸಿಗೆಯಿಂದ. ಬಡ್ತಿ ಎಂದದ್ದೂ ಸುಳ್ಳು. ಓಡಾಡಲು ಆಗದವಳನ್ನು ಮನೆಗೆ ಕಳಿಸುವವರಿದ್ದರು. ಕೂತು ಓದುತ್ತೇನೆ, ದನಿ ಇದೆಯಲ್ಲ ಎಂದು ಜಗಳವಾಡಿ ಈ ಕುರ್ಚಿ ಹಿಡಿದೆ.

ನಿನಗೆ ಏಕೆ ಹೇಳಲಿಲ್ಲ? ನಿನ್ನ ಕಾಗದದ ಕೊನೆಯ ಸಾಲು ನೀನೇ ಓದಿಕೋ. ಸಾಮಾನು ಕಟ್ಟಿಡು! ಸುದ್ದಿ ತಿಳಿದ ಕೂಡಲೇ ನೀನು ಬರುತ್ತೀಯ, ನನ್ನನ್ನು ಎತ್ತಿಕೊಂಡು ಹೋಗಿ ನಿನ್ನ ಹೊಲಿಗೆ ಯಂತ್ರದ ಪಕ್ಕ ಮಂಚ ಹಾಕಿ ಮಲಗಿಸುತ್ತೀಯ, ಬಾಯಿಗೆ ತುತ್ತು ಇಡುತ್ತೀಯ. ನಾನು ಬೇಡ ಅನ್ನಲಾರೆ. ನಿನಗೆ ಎದುರಾಡಿ ನನಗೆ ಗೊತ್ತೇ ಇಲ್ಲ. ಒಂದು ತಿಂಗಳಲ್ಲಿ ನಾನು ಮತ್ತೆ ನಿನ್ನ ಸೊಂಟದ ಮೇಲಿನ ಕೂಸಾಗುತ್ತಿದ್ದೆ. ಕಾಲು ಹೋದದ್ದಕ್ಕಿಂತ ನನಗೆ ಅದರ ಭಯವೇ ಹೆಚ್ಚಾಗಿತ್ತು. ಕ್ರೂರವಾಗಿ ಬರೆಯುತ್ತಿದ್ದೇನೆ, ಗೊತ್ತು.

ಕರೆದುಕೊಂಡು ಹೋಗಲು ಬರಬೇಡ ಅಕ್ಕ. ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ. ಆ ರೆಕಾರ್ಡಿಂಗನ್ನು ಅಳಿಸಲು ಭಾವನಿಗೆ ಹೇಳು.

ಚೂಟಿ

ಏಪ್ರಿಲ್ 2

ಚೂಟಿ,

ತಿಂಗಳಾಗುತ್ತಾ ಬಂತು, ಉತ್ತರ ಬರೆಯಲಿಲ್ಲ ಎಂದು ಕೋಪಿಸಿಕೊಂಡಿರಬೇಡ. ಹೇಳುವುದನ್ನು ಹೇಳಿಬಿಡುತ್ತೇನೆ. ನಾನು ಬಂದಿದ್ದೆ.

ನಿನ್ನ ಕಾಗದ ಓದಿ ಎರಡು ದಿನ ಹೊಲಿಗೆ ಯಂತ್ರ ಮುಟ್ಟಲಿಲ್ಲ. ಇವಳು ಯಾರು ನನ್ನನ್ನು ಬರಬೇಡ ಅನ್ನಲು ಎಂದು ರೋಷ ಬಂತು. ಖಾಲಿ ಟ್ರಂಕು ತೆಗೆದುಕೊಂಡು ಬಸ್ಸು ಹತ್ತಿದೆ. ನಿನ್ನ ಬಟ್ಟೆ ತುಂಬಿಕೊಂಡು, ನಿನ್ನನ್ನೂ ಕರೆದುಕೊಂಡೇ ವಾಪಸು ಬರುವುದೆಂದು.

ಬುಧವಾರ ಬೆಳಿಗ್ಗೆ ನಿನ್ನ ಕಚೇರಿಯ ಗೇಟಿನ ಎದುರು, ಹಣ್ಣಿನ ಗಾಡಿಯ ಪಕ್ಕ ನಿಂತಿದ್ದೆ. ರಾತ್ರಿ ಬಸ್ಸಿನ ಗಾಳಿಗೆ ಹೊದ್ದ ಶಾಲು ಇನ್ನೂ ತಲೆ ತುಂಬ ಇತ್ತು. ಯಾರೋ ನಿನ್ನನ್ನು ತಳ್ಳಿಕೊಂಡು ಬರುತ್ತಾರೆ, ಕಂಡ ಕೂಡಲೇ ಓಡಿಹೋಗಿ ಅಪ್ಪಿಕೊಳ್ಳಬೇಕು ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಯಾರೂ ತಳ್ಳಿಕೊಂಡು ಬರಲಿಲ್ಲ. ಕಚೇರಿ ಬಾಗಿಲಿನ ಇಳಿಜಾರಿನಲ್ಲಿ ನೀನೊಬ್ಬಳೇ ಜುಯ್ ಎಂದು ಇಳಿದು ಬಂದೆ. ಕಾವಲುಗಾರ ಸಹಾಯಕ್ಕೆ ಬಂದರೆ "ಮುಟ್ಟಿದ್ರೆ ನೋಡು, ನಾಳೆ ವಾರ್ತೇಲಿ ನಿನ್ನ ಹೆಸರು ಓದ್ತೀನಿ" ಎಂದೆ. ಅವನು ಹಲ್ಲು ಕಿರಿದ. ಆಮೇಲೆ ಪಕ್ಕಕ್ಕೆ ಎರಡು ಚಕ್ರ ಕಟ್ಟಿದ ಸ್ಕೂಟರಿನ ಮೇಲೆ ಕೈಯೂರಿ ಜಿಗಿದು ಕೂತೆ. ಕಾಲನ್ನು ಒಂದೊಂದಾಗಿ ಎತ್ತಿ ಇಟ್ಟುಕೊಂಡೆ, ಗಂಟು ಇಟ್ಟುಕೊಳ್ಳುವ ಹಾಗೆ. ಕಾವಲುಗಾರ ಕುರ್ಚಿ ಮಡಿಸಿ ಹಿಂದೆ ಕಟ್ಟಿದ.

ನಾನು ರಸ್ತೆಗೆ ಇಳಿದಿದ್ದೆ. ನಿನ್ನನ್ನು ಕೂಗಲು ಬಾಯಿ ತೆರೆದಿದ್ದೆ. ನೀನು ನೇರ ನನ್ನ ಕಡೆಗೇ ಬಂದು ಹಾರ್ನ್ ಹೊಡೆದೆ. "ಸ್ವಲ್ಪ ಸರೀರಿ ಅಮ್ಮ, ದಾರಿ ಮಧ್ಯ ನಿಂತಿದ್ದೀರಲ್ಲ!" ಎಂದೆ. ನಾನು ಸರಿದೆ. ನೀನು ಹೋದೆ.

ಸೈಕಲ್ ಕಲಿಯುವಾಗ ಹಿಂದೆ ಹಿಡಿದುಕೊಂಡೇ ಇರಬೇಕು ಎಂದು ಊರು ಕೇಳುವ ಹಾಗೆ ಅಳುತ್ತಿದ್ದವಳು ನೀನು. ನಾನು ದಂಗುಬಡಿದು ನಿಂತುಬಿಟ್ಟೆ. ಪರದೆಯ ಮೇಲೆ ಚಕ್ರ ಕಂಡ ದಿನ ಎಷ್ಟು ಬೆಚ್ಚಿದೆನೋ ಅದಕ್ಕಿಂತ ಹೆಚ್ಚು ಬೆಚ್ಚಿದ್ದು ಆ ರಸ್ತೆಯಲ್ಲಿ. ನಿನಗೆ ನಾನು ಬೇಕಾಗಿಲ್ಲ ಎಂದು ಅಲ್ಲಿ ಗೊತ್ತಾಯಿತು. ಮಧ್ಯಾಹ್ನದ ಬಸ್ಸಿಗೆ ಖಾಲಿ ಟ್ರಂಕು ಹಿಡಿದು ವಾಪಸು ಬಂದೆ.

ನೀನು ಹೇಳಿದ ಹಾಗೆ ರೆಕಾರ್ಡಿಂಗ್ ಅಳಿಸಿದ್ದೇವೆ. ಬೆಳಗಿನ ವಾರ್ತೆ ರೆಕಾರ್ಡ್ ಮಾಡುವುದನ್ನೂ ಬಿಟ್ಟಿದ್ದೇವೆ. ಕದ್ದು ನೋಡಿದ ಹಾಗಾಗುತ್ತದೆ. ಚೆನ್ನಾಗಿರು. ಕೋಟು ಬೇಕಾದರೆ ಅಳತೆ ಕಳಿಸು.

ಅಕ್ಕ

ಏಪ್ರಿಲ್ 9

ಅಕ್ಕಾ,

ಆ ಶಾಲಿನ ಹೆಂಗಸು ನೀನಾ?

ನನಗೆ ನೆನಪಿದೆ. ಮುದುಕಿ ಇರಬೇಕು, ಕಿವಿ ಕೇಳುವುದಿಲ್ಲವೇನೋ ಎಂದುಕೊಂಡು ಇನ್ನೊಂದು ಸಲ ಹಾರ್ನ್ ಹೊಡೆದೆ. ಅಯ್ಯೋ ದೇವರೇ. ನಿನ್ನ ಕಾಗದ ಓದಿ ಸ್ಕೂಟರ್ ತೆಗೆದುಕೊಂಡು ಆ ಹಣ್ಣಿನ ಗಾಡಿಯವರೆಗೆ ಹೋಗಿ ನಿಲ್ಲಿಸಿದೆ. ನೀನು ಹೋಗಿ ಮೂರು ವಾರವಾದ ಮೇಲೆ ಅಲ್ಲಿ ಏನು ಹುಡುಕಿದೆನೋ ನನಗೇ ಗೊತ್ತಿಲ್ಲ. ಗಾಡಿಯವನು "ಏನ್ ಬೇಕು?" ಎಂದರೆ ಅಳು ಬಂತು.

ಅಷ್ಟು ದೂರ ಬಂದು ಒಂದು ಲೋಟ ನೀರೂ ಕುಡಿಯದೆ ಹೋಗಲು ನಿನಗೆ ಹೇಗೆ ಮನಸ್ಸು ಬಂತು? ಕರೆದುಕೊಂಡು ಹೋಗಲು ಬರಬೇಡ ಎಂದೆ ಅಕ್ಕ, ಬರಲೇಬೇಡ ಎಂದೆನೇ? ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲವೇ ನಿನಗೆ? ನನಗೆ ನೀನು ಬೇಕಾಗಿಲ್ಲ ಎಂದು ಯಾರು ಹೇಳಿದರು? ಸ್ಕೂಟರೇ? ಅದನ್ನು ಓಡಿಸಲು ಕಲಿತ ದಿನ ಯಾರಿಗೂ ಹೇಳಲಾಗದೆ ಕೋಣೆಯಲ್ಲಿ ಒಬ್ಬಳೇ ಕೂತಿದ್ದೆ. ಹೇಳಬೇಕಾಗಿದ್ದದ್ದು ನಿನಗೊಬ್ಬಳಿಗೆ. ಹೇಳಿದರೆ ಕಾಲಿನದನ್ನೂ ಹೇಳಬೇಕಾಗುತ್ತಿತ್ತು.

ಈಗ ನಾನೇ ಬರುತ್ತೇನೆ. ರಜೆಗೆ ಅರ್ಜಿ ಕೊಟ್ಟಾಗಿದೆ, ಹತ್ತು ದಿನ ಇರುತ್ತೇನೆ. ಹನ್ನೊಂದನೆಯ ದಿನ ವಾಪಸು ಹೊರಡುತ್ತೇನೆ, ಅಳಬಾರದು. ನನ್ನ ಕುರ್ಚಿ ಈ ಚಕ್ರದಿಂದ ಆ ಚಕ್ರಕ್ಕೆ ಇಪ್ಪತ್ತೈದು ಇಂಚು. ನಿಮ್ಮ ಮನೆಯ ಬಾಗಿಲುಗಳ ಅಗಲ ಬರೆದು ಕಳಿಸು. ನಿನ್ನ ಹತ್ತಿರ ಟೇಪು ಇದೆಯಲ್ಲ.

ಚೂಟಿ

ಏಪ್ರಿಲ್ 15

ಚೂಟಿ,

ಕಾಗದ ಬಂದಾಗ ಮದುವೆ ಹುಡುಗನ ಸೂಟು ಅಳೆಯುತ್ತಿದ್ದೆ. ಅವನನ್ನು ಹಾಗೇ ಕೈ ಎತ್ತಿಕೊಂಡು ನಿಲ್ಲಲು ಹೇಳಿ ಮನೆಯೊಳಗೆ ಓಡಿದೆ.

ಬೀದಿ ಬಾಗಿಲು ಮೂವತ್ತಾರು, ಧಾರಾಳ. ನಡುಮನೆ ಮೂವತ್ತು. ನೀನು ಮಲಗುವ ಕೋಣೆ ಇಪ್ಪತ್ತೆಂಟು, ಕೈ ತರಚದ ಹಾಗೆ ಬಾ. ಬಚ್ಚಲುಮನೆಯದು ಮಾತ್ರ ಇಪ್ಪತ್ತಮೂರೂವರೆ. ಮೂರು ಸಲ ಅಳೆದೆ, ಹೆಚ್ಚಾಗಲಿಲ್ಲ.

ನಿನ್ನ ಭಾವನಿಗೆ ಹೇಳಿದೆ. ಅವರು ಕೂಡಲೇ ಪಕ್ಕದ ಬಡಗಿಯ ಮನೆಗೆ ಹೋಗಿ ಹಾರೆ ತಂದರು. ಈಗ ಚೌಕಟ್ಟು ಒಡೆಯುತ್ತಿದ್ದಾರೆ. ಮನೆಯೆಲ್ಲ ಧೂಳು. ಇಷ್ಟು ದಿನವಾದರೂ ನನಗೆ ಇನ್ನೂ ನಂಬಲಾಗುತ್ತಿಲ್ಲ ಕಣೇ, ನಿನಗೆ ಹೀಗಾಯಿತೆಂದು. ನೀನು ಬಂದ ಮೇಲೆ ಒಂದು ಸಲ ಜೋರಾಗಿ ಅತ್ತುಬಿಡುತ್ತೇನೆ, ಅದಕ್ಕೆ ಮಾತ್ರ ಅಡ್ಡ ಬರಬೇಡ. ಆಮೇಲೆ ಬಾಯಿಗೆ ತುತ್ತು ಇಡುವುದಿಲ್ಲ, ನೀನೇ ಬಡಿಸಿಕೊಂಡು ತಿನ್ನು.

ಒಡೆಯುವ ಸದ್ದಿಗೆ ಹೊರಗಿನಿಂದ ಮದುವೆ ಹುಡುಗ "ಅಕ್ಕಾ, ಕೈ ಇಳಿಸ್ಲಾ?" ಎಂದು ಕೇಳುತ್ತಿದ್ದಾನೆ. ಹೋಗಿ ಅಳತೆ ಮುಗಿಸಿ ಬರುತ್ತೇನೆ. ನೀನು ಹೊರಡು.

ಅಕ್ಕ